ಮೊಟ್ಟೆ ತಿನ್ನದ ಮಗುವಿಗೂ ಪ್ರೊಟೀನ್ ಬೇಕು

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ, ಬಿಸಿಯೂಟದ ಹೊಣೆ ಹೊತ್ತ ಅಧಿಕಾರಿಗಳಿಗೆ, ಊರೂರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ,

ನಮಸ್ಕಾರ.

ನಾನು ಕೊಪ್ಪಳ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಈಗ ನಿವೃತ್ತಳಾಗಿದ್ದೇನೆ. ಕೊನೆಯ ಹತ್ತು ವರ್ಷ ಬಿಸಿಯೂಟದ ಉಸ್ತುವಾರಿಯೂ ನನ್ನದೇ ಆಗಿತ್ತು. ಹುಟ್ಟಿದಾಗಿನಿಂದ ನಾನು ಮೊಟ್ಟೆ, ಮಾಂಸ ತಿಂದವಳಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮೊಟ್ಟೆ ವಿಚಾರದಲ್ಲಿ ಯಾರು ಬಾಯಿ ತೆರೆದರೂ ಜನ ಮೊದಲು ಕೇಳೋದು "ನೀವು ಯಾರ ಕಡೆ?" ಅಂತ.

ನಮ್ಮ ಶಾಲೆಯಲ್ಲಿ 140 ಮಕ್ಕಳಿದ್ದರು. 110 ಮಕ್ಕಳು ಮೊಟ್ಟೆ ತಿನ್ನುತ್ತಿದ್ದರು, 30 ಮಕ್ಕಳು ತಿನ್ನುತ್ತಿರಲಿಲ್ಲ. ಈ ಪತ್ರ ಆ 30 ಮಕ್ಕಳ ಬಗ್ಗೆ. ಹಾಗಂತ ಮೊಟ್ಟೆ ಬೇಡ ಅನ್ನೋ ಪತ್ರ ಅಲ್ಲ ಇದು. ಮೊಟ್ಟೆ ಇರಲೇಬೇಕು. ಅದು ತಟ್ಟೆಗೆ ಬಂದಾಗ ಏನಾಯಿತು ಅಂತ ನಾನು ಕಣ್ಣಾರೆ ನೋಡಿದ್ದೇನೆ.

2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಮೊದಲು ಮೊಟ್ಟೆ ಕೊಡೋದಕ್ಕೆ ಶುರು ಮಾಡಿದರು. ಆಗ ಕೆಲವು ಮಠಾಧೀಶರು ವಿರೋಧಿಸಿದರು, ಟೀವಿಯಲ್ಲಿ ದಿನವೂ ಅದೇ ಚರ್ಚೆ. ನಮ್ಮ ಶಾಲೆಯಲ್ಲಿ ಅಡುಗೆಯವರು ಮೂವರು. ಮೊಟ್ಟೆ ಶುರುವಾದ ಮೊದಲ ವಾರವೇ ಇಬ್ಬರು ಜ್ವರ ಅಂತ ಬರಲಿಲ್ಲ. ಉಳಿದವರು ಒಬ್ಬರೇ, ನೂರಕ್ಕೂ ಹೆಚ್ಚು ಮೊಟ್ಟೆ. ನಾನು ಸೆರಗು ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತೆ. ಜೀವನದಲ್ಲಿ ಮೊದಲ ಸಲ ಮೊಟ್ಟೆ ಮುಟ್ಟಿದ್ದು ಅವತ್ತು. ಕುದಿಸಿದ್ದನ್ನು ತಣ್ಣೀರಿಗೆ ಹಾಕಿ, ದಪ್ಪ ತುದಿಯನ್ನು ಕಲ್ಲಿಗೆ ಮೆಲ್ಲಗೆ ತಟ್ಟಿ, ಒಳಗಿನ ತೆಳು ಪೊರೆ ಬೆರಳಿಗೆ ಸಿಕ್ಕರೆ ಸಿಪ್ಪೆ ಸರ್ರಂತ ಬಂದುಬಿಡುತ್ತೆ. ಪೊರೆ ಸಿಗದಿದ್ದರೆ ಬಿಳಿಯೂ ಕಿತ್ತು ಬರುತ್ತೆ. ಮೊದಲ ಹತ್ತು ಮೊಟ್ಟೆ ಹಾಳು ಮಾಡಿದೆ. ಆಮೇಲೆ ಕೈ ಕೂತಿತು. ವಾಸನೆ ಸಾಯಂಕಾಲದವರೆಗೂ ಬೆರಳಲ್ಲೇ ಇತ್ತು. ಆದರೆ ಅವತ್ತು ಸಾಲಿನಲ್ಲಿ ಕೂತ ಒಬ್ಬ ಎರಡನೇ ಕ್ಲಾಸಿನ ಹುಡುಗ ಬಿಳಿಯನ್ನೆಲ್ಲ ಮೊದಲು ತಿಂದು, ಹಳದಿಯನ್ನು ಅಂಗೈಲಿ ಇಟ್ಟುಕೊಂಡು, ಊಟ ಮುಗಿಯೋವರೆಗೂ ಕಾಯ್ದಿಟ್ಟು ಕೊನೆಗೆ ತಿಂದ. ಅದನ್ನು ನೋಡಿದ ಮೇಲೆ ಕೈಯ ವಾಸನೆ ನನಗೆ ದೊಡ್ಡದು ಅನ್ನಿಸಲಿಲ್ಲ.

ಆಮೇಲೆ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಆಯಿತು. ಇದಕ್ಕಾಗಿ ಸರ್ಕಾರಕ್ಕೂ ಫೌಂಡೇಶನ್‌ಗೂ ಮನಸಾರೆ ಕೈ ಮುಗಿಯುತ್ತೇನೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ನಮ್ಮ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ. ಆ ಮಕ್ಕಳೇ ಈಗ ಒಂದನೇ, ಎರಡನೇ, ಐದನೇ ಕ್ಲಾಸಿನಲ್ಲಿ ಕೂತಿರೋದು.

ಈಗ ಲೆಕ್ಕಕ್ಕೆ ಬರುತ್ತೇನೆ. ನಾನು ಮೇಷ್ಟ್ರಮ್ಮ, ಲೆಕ್ಕ ಬಿಟ್ಟು ಮಾತಾಡೋಕೆ ಬರಲ್ಲ.

ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಮಧ್ಯಾಹ್ನದ ಊಟದಲ್ಲಿ 12 ಗ್ರಾಂ ಪ್ರೊಟೀನ್ ಸಿಗಬೇಕು ಅಂತ ನಿಯಮ. ಆರರಿಂದ ಎಂಟನೇ ಕ್ಲಾಸಿಗೆ 20 ಗ್ರಾಂ. ಚಿಕ್ಕ ಮಕ್ಕಳಿಗೆ ತಲೆಗೆ 100 ಗ್ರಾಂ ಅಕ್ಕಿ ಅಥವಾ ಗೋಧಿ, 20 ಗ್ರಾಂ ಬೇಳೆ. ನೂರು ಗ್ರಾಂ ಅಕ್ಕಿಯಲ್ಲಿ 8 ಗ್ರಾಂ ಹತ್ತಿರ ಪ್ರೊಟೀನ್ ಇರುತ್ತೆ. 20 ಗ್ರಾಂ ತೊಗರಿಬೇಳೆಯಲ್ಲಿ 4 ಗ್ರಾಂ ಚಿಲ್ಲರೆ. ಕೂಡಿಸಿದರೆ 12 ಆಯಿತು. ಕಾಗದದ ಮೇಲೆ ಲೆಕ್ಕ ಸರಿ ಇದೆ, ಆದರೆ ಆ 12ರಲ್ಲಿ ಮೂರನೇ ಎರಡು ಭಾಗ ಅನ್ನದಿಂದಲೇ ಬಂತು ಅನ್ನೋದನ್ನು ಗಮನಿಸಿ. ಪ್ರೊಟೀನಿಗೆ ತೂಕ ಒಂದೇ ಅಲ್ಲ, ಗುಣವೂ ಮುಖ್ಯ.

ಪ್ರೊಟೀನ್ ಅಂದರೆ ಅಮೈನೋ ಆಮ್ಲಗಳ ಸರ. ಅದರಲ್ಲಿ ಒಂಬತ್ತನ್ನು ನಮ್ಮ ಮೈ ತಾನೇ ಮಾಡಿಕೊಳ್ಳಲಾರದು, ಊಟದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಒಂದು ಕಮ್ಮಿ ಬಿದ್ದರೂ ಉಳಿದ ಎಂಟು ಎಷ್ಟಿದ್ದರೂ ಪೂರ್ತಿ ಉಪಯೋಗಕ್ಕೆ ಬರಲ್ಲ. ಮಕ್ಕಳಿಗೆ ನಾನು ಬಂಡಿಯ ಉದಾಹರಣೆ ಕೊಡುತ್ತಿದ್ದೆ. ಜೋಡೆತ್ತಿನಲ್ಲಿ ಒಂದು ಸೊರಗಿದ್ದರೆ ಇನ್ನೊಂದು ಎಷ್ಟೇ ಗಟ್ಟಿ ಇದ್ದರೂ ಬಂಡಿ ಸೊರಗಿದ ಎತ್ತಿನ ನಡಿಗೆಯಲ್ಲೇ ಹೋಗಬೇಕು. ಅಕ್ಕಿ, ಗೋಧಿ, ಜೋಳದಲ್ಲಿ ಸೊರಗಿದ ಎತ್ತು ಲೈಸಿನ್. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ ಇದೆ, ಅಲ್ಲಿ ಕಮ್ಮಿ ಇರೋದು ಮೆಥಿಯೋನಿನ್. ಅದು ಧಾನ್ಯದಲ್ಲಿ ಸಾಕಷ್ಟಿದೆ. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ರೊಟ್ಟಿಗೆ ಮಡಕಿಕಾಳಿನ ಪಲ್ಯ, ಮುದ್ದೆಗೆ ಹುರುಳಿ ಸಾರು, ಅನ್ನಕ್ಕೆ ಬೇಳೆ ಸಾರು, ಇಡ್ಲಿಗೆ ಉದ್ದು. ನಮ್ಮ ಅಜ್ಜಿಯರು ಯಾವ ಪ್ರಯೋಗಾಲಯಕ್ಕೂ ಹೋಗದೆ ಈ ಜೋಡಿ ಕಟ್ಟಿದ್ದಾರೆ.

ಆದರೆ ಜೋಡಿ ಅಂದಮೇಲೆ ಎರಡೂ ಎತ್ತು ಬೇಕಲ್ವಾ? ಧಾನ್ಯ ಮೂರು ಪಾಲಿದ್ದರೆ ಬೇಳೆಕಾಳು ಒಂದು ಪಾಲು ಇರಲಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತೆ. ನಮ್ಮ ಬಿಸಿಯೂಟದಲ್ಲಿ ಐದಕ್ಕೆ ಒಂದು. ಅದೂ ನಿಯಮದ ಪ್ರಕಾರ ಬೇಳೆ ಹಾಕಿದ ದಿನ. ಒಂದು ಸಲ ಬೇಳೆ ಬರೋದು ತಡವಾಯಿತು. ಇದ್ದಿದ್ದು ಎರಡು ಕಿಲೋ, ಬೇಕಿದ್ದದ್ದು ಮೂರು ಕಿಲೋ ಮೇಲೆ. ನೀರು ಜಾಸ್ತಿ ಮಾಡಿ ಸಾರು ಮಾಡಿದರು. ಅಡುಗೆಯವರದ್ದೇನೂ ತಪ್ಪಿಲ್ಲ, ಅವರು ಇನ್ನೇನು ಮಾಡಬೇಕು? ಸೌಟು ಪಾತ್ರೆಯ ತಳದವರೆಗೂ ಇಳಿಸಿ ಎತ್ತಿದೆ. ಟೊಮೆಟೊ ಸಿಪ್ಪೆ, ಕರಿಬೇವು, ಒಂದೆರಡು ನುಗ್ಗೆಕಾಯಿ ತುಂಡು. ಬೇಳೆ ಎಲ್ಲೋ ಕರಗಿಹೋಗಿತ್ತು. ಮೊಟ್ಟೆಗೆ ಹಾಗೆ ನೀರು ಬೆರೆಸೋಕೆ ಆಗಲ್ಲ. ಮಗುವಿನ ಕೈಗೆ ಬಂದರೆ ಇಡಿಯಾಗಿ ಬರುತ್ತೆ, ಇಲ್ಲ ಅಂದರೆ ಇಲ್ಲ. ಮೊಟ್ಟೆಯ ಒಂದು ದೊಡ್ಡ ಗುಣ ಇದು ಅಂತ ನನಗೆ ಅರ್ಥವಾದದ್ದು ಆ ಸೌಟು ನೋಡಿದಾಗ.

ಇನ್ನು ಗುಣದ ಮಾತು. ಪ್ರೊಟೀನಿನ ಗುಣ ಅಳೆಯೋಕೆ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಒಂದು ವಿಧಾನ ಸೂಚಿಸಿತು. ತಿಂದದ್ದರಲ್ಲಿ ಒಂದೊಂದು ಅಮೈನೋ ಆಮ್ಲವೂ ಸಣ್ಣ ಕರುಳು ದಾಟುವ ಹೊತ್ತಿಗೆ ಎಷ್ಟು ಮೈಗೆ ಹತ್ತಿತು ಅಂತ ನೋಡೋದು. ಆ ಅಳತೆಯಲ್ಲಿ ಹಾಲು, ಮೊಟ್ಟೆ ನೂರು ದಾಟುತ್ತವೆ. ಸೋಯಾ 90ರ ಆಸುಪಾಸಿನಲ್ಲಿದೆ. ಗೋಧಿ ಅರ್ಧದ ಹತ್ತಿರ ನಿಲ್ಲುತ್ತೆ. ನಮ್ಮ ಕಡೆಯ ಜೋಳಕ್ಕೆ ಇನ್ನೊಂದು ತೊಡಕಿದೆ. ನೀರಲ್ಲಿ ಬೇಯಿಸಿದ ಮೇಲೆ ಅದರ ಪ್ರೊಟೀನ್ ಜೀರ್ಣವಾಗೋದು ಇನ್ನೂ ಕಮ್ಮಿಯಾಗುತ್ತೆ. ಜೋಳದ ರೊಟ್ಟಿ ತಿಂದು ಬೆಳೆದವಳು ನಾನು, ಅದನ್ನು ಬಿಡೋಕೆ ಯಾರಿಗೂ ಹೇಳಲ್ಲ. ಆದರೆ ರೊಟ್ಟಿಗೆ ಬರೀ ಖಾರ, ಎಣ್ಣೆ ಹಚ್ಚಿ ತಿಂದು ಶಾಲೆಗೆ ಬರುವ ಮಕ್ಕಳು ಇದ್ದಾರೆ. ಅವರಿಗೆ ಕಾಳು ಸಿಗಲೇಬೇಕು.

ಸಸ್ಯಾಹಾರದ ಪರ ಮಾತಾಡೋ ನಮ್ಮವರಿಗೂ ಒಂದು ಮಾತು ಹೇಳಬೇಕು. ವಾಟ್ಸಾಪಿನಲ್ಲಿ ಒಂದು ಪಟ್ಟಿ ಓಡಾಡುತ್ತೆ. ನೂರು ಗ್ರಾಂ ಬೇಳೆಯಲ್ಲಿ 22 ಗ್ರಾಂ ಪ್ರೊಟೀನ್, ನೂರು ಗ್ರಾಂ ಕೋಳಿಯಲ್ಲೂ ಸುಮಾರು ಅಷ್ಟೇ, ಮೊಟ್ಟೆಯಲ್ಲಿ ಬರೀ 13, ಹಾಗಾಗಿ ಬೇಳೆಯೇ ಮೇಲು ಅಂತ. ಅಂಕಿ ಸುಳ್ಳಲ್ಲ. ಆದರೆ ಆ 22 ಒಣ ಬೇಳೆಯ ಲೆಕ್ಕ. ಒಣ ಬೇಳೆಯನ್ನು ಯಾರು ತಿಂತಾರೆ? ಬೇಯಿಸಿದ ಮೇಲೆ ಅದು ನೀರು ಕುಡಿದು ಎರಡು ಮೂರು ಪಟ್ಟು ತೂಗುತ್ತೆ. ಆಗ ನೂರು ಗ್ರಾಂ ಗಟ್ಟಿ ಬೇಳೆಯಲ್ಲಿ ಉಳಿಯೋದು 7, 8 ಗ್ರಾಂ. ನಮ್ಮ ಸಾರಿನಲ್ಲಿ ಅದಕ್ಕಿಂತ ಎಷ್ಟೋ ಕಮ್ಮಿ. ಮಗುವಿನ ಹೊಟ್ಟೆ ಸಣ್ಣದು. ಒಂದು ಮೊಟ್ಟೆಯ 6 ಗ್ರಾಂ ಪ್ರೊಟೀನಿಗೆ ಎರಡು ತುತ್ತು ಸಾಕು. ಅಷ್ಟೇ ಪ್ರೊಟೀನ್ ತೆಳು ಸಾರಿನಿಂದ ಬರಬೇಕಾದರೆ ಆ ಮಗು ಚೊಂಬುಗಟ್ಟಲೆ ಸಾರು ಕುಡಿಯಬೇಕು.

ಬಿ12 ವಿಟಮಿನ್ ಮಾತೂ ಇದೆ. ಅದು ಗಿಡಗಳಲ್ಲಿ ಸಿಗಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲೇ ಸಿಗೋದು. ನನಗೇ 46ನೇ ವಯಸ್ಸಿನಲ್ಲಿ ಪಾದ ಜೋಮು ಹಿಡಿಯೋದು ಶುರುವಾಯಿತು. ರಾತ್ರಿ ಚಪ್ಪಲಿ ಕಳಚಿದ್ದೇನಾ ಇಲ್ವಾ ಅಂತ ಕೈಯಿಂದ ಮುಟ್ಟಿ ನೋಡಬೇಕಾಗುತ್ತಿತ್ತು. ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ತೀರಾ ಕೆಳಗೆ. ಇಂಜೆಕ್ಷನ್ ತಗೊಂಡೆ, ಮಾತ್ರೆ ತಗೊಂಡೆ, ಸರಿಹೋಯಿತು. ಮನೆಯಲ್ಲಿ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಮಜ್ಜಿಗೆ ನೀರು ಕುಡಿಯುವ ಹೆಂಗಸರು ನಮ್ಮಲ್ಲಿ ಎಷ್ಟು ಜನ! ಸಸ್ಯಾಹಾರ ತಪ್ಪಲ್ಲ. ಹಾಲು ಮೊಸರೂ ಇಲ್ಲದ ಬಡ ಸಸ್ಯಾಹಾರ ಮೈಗೆ ಸಾಲಲ್ಲ. 2013ರಲ್ಲಿ ಶುರುವಾದ ಕ್ಷೀರಭಾಗ್ಯ ಅದಕ್ಕೇ ನನಗೆ ತುಂಬಾ ಬೆಲೆಯುಳ್ಳದ್ದು ಅನ್ನಿಸುತ್ತೆ. 150 ಮಿಲಿ ಹಾಲಿನಲ್ಲಿ 4ರಿಂದ 5 ಗ್ರಾಂ ಒಳ್ಳೆಯ ಪ್ರೊಟೀನ್, ಜೊತೆಗೆ ಬಿ12.

ಇಷ್ಟು ಹೇಳಿದ ಮೇಲೆ ನನ್ನ ಅಹವಾಲಿಗೆ ಬರುತ್ತೇನೆ.

ಮೊಟ್ಟೆ ತಿನ್ನದ ಮಗುವಿಗೆ ನಾವು ಏನು ಕೊಡುತ್ತಿದ್ದೇವೆ? ಬಾಳೆಹಣ್ಣು. ಮೊದಲು ಶೇಂಗಾ ಚಿಕ್ಕಿಯೂ ಇತ್ತು. 2025ರಲ್ಲಿ ಅದನ್ನು ನಿಲ್ಲಿಸಿದರು. ಸಕ್ಕರೆ ಜಾಸ್ತಿ, ಹಳೆಯ ದಾಸ್ತಾನಿನ ಭಯ, ಈ ಕಾರಣಗಳನ್ನು ನಾನು ಒಪ್ಪುತ್ತೇನೆ. ಅಂಟಂಟಾಗಿ ಕಮಟು ವಾಸನೆ ಬರುವ ಚಿಕ್ಕಿ ಡಬ್ಬಿ ನಾನೂ ತೆರೆದು ನೋಡಿದ್ದೇನೆ. ಆದರೆ ಅದರ ಜಾಗಕ್ಕೆ ಏನು ಬಂತು? ಏನೂ ಬರಲಿಲ್ಲ. ಬಾಳೆಹಣ್ಣು ಒಂದೇ ಉಳಿಯಿತು. ಬಾಳೆಹಣ್ಣು ಒಳ್ಳೆಯ ಹಣ್ಣು, ಶಕ್ತಿ ಕೊಡುತ್ತೆ, ಪೊಟ್ಯಾಸಿಯಂ ಇದೆ. ಪ್ರೊಟೀನ್ ಮಾತ್ರ ಇಲ್ಲ. ನೂರು ಗ್ರಾಂ ತಿರುಳಿನಲ್ಲಿ ಒಂದು ಗ್ರಾಂ ಚಿಲ್ಲರೆ. ಎರಡು ಹಣ್ಣು ಕೊಟ್ಟರೂ 2 ಗ್ರಾಂ ಆಗೋದು ಕಷ್ಟ. ಪಕ್ಕದಲ್ಲಿ ಕೂತ ಮಗುವಿಗೆ 6 ಗ್ರಾಂ, ಇದಕ್ಕೆ 2 ಗ್ರಾಂ. ಅದೂ ದಿನವೂ, ವಾರಕ್ಕೆ ಆರು ದಿನ. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಪ್ರೊಟೀನ್ ಸುಮಾರು 23 ಗ್ರಾಂ. ಅದರಲ್ಲಿ 4 ಗ್ರಾಂ ಅಂತರ ಅಂದರೆ ಸಣ್ಣದಲ್ಲ.

ಐದನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಳು. ತಂದೆ ಇಲ್ಲ, ತಾಯಿ ಕೂಲಿ. ಮನೆಯಲ್ಲಿ ಮೊಟ್ಟೆ ನಡೆಯಲ್ಲ. ಬಾಳೆಹಣ್ಣನ್ನು ಎರಡೇ ತುತ್ತಿಗೆ ಮುಗಿಸಿ, ಸಿಪ್ಪೆ ಮಡಿಚಿ ತಟ್ಟೆಯ ಅಂಚಿಗೆ ಇಡುತ್ತಿದ್ದಳು. ಒಂದು ದಿನ ನನ್ನ ಹತ್ತಿರ ಬಂದು, "ಟೀಚರ್, ಅವರ ಊಟ ಇನ್ನಾ ಮುಗಿದಿಲ್ಲ, ನಮ್ದು ಲಗೂನ ಮುಗೀತೈತ್ರಿ" ಅಂದಳು. ದೂರು ಹೇಳೋ ದನಿ ಅಲ್ಲ ಅದು. ಸುಮ್ನೆ ಕಂಡಿದ್ದು ಹೇಳಿದಳು. ಮೇ ತಿಂಗಳ ರಜೆ ಮುಗಿಸಿ ಬಂದಾಗ ಅವಳು ಒಂದು ಕಿಲೋ ಇಳಿದಿದ್ದಳು. ಮನೆಯಲ್ಲಿ ಏನು ಸಿಗುತ್ತೆ ಅಂತ ಅದರಿಂದಲೇ ಗೊತ್ತಾಗುತ್ತೆ. ಬಡ ಸಸ್ಯಾಹಾರಿ ಮನೆಯ ಮಗುವಿಗೆ ಶಾಲೆಯ ಪ್ರೊಟೀನ್ ಎಲ್ಲರಿಗಿಂತ ಜಾಸ್ತಿ ಬೇಕು. ಭಾನುವಾರ ಕೋಳಿ ಸಾರು ಸಿಗುವ ಮನೆಯ ಮಗುವಿಗೆ ವಾರದಲ್ಲಿ ಒಂದು ದಿನವಾದರೂ ಆ ಭಾಗ್ಯ ಇದೆ. ಇವಳಿಗೆ ಅದೂ ಇಲ್ಲ.

ನಾನು ಕೇಳೋದು ಇಷ್ಟು. ಬಾಳೆಹಣ್ಣು ಬೇಕಾದರೆ ಇರಲಿ, ಎಲ್ಲ ಮಕ್ಕಳಿಗೂ ಇರಲಿ. ಮೊಟ್ಟೆಯ ಬದಲಿಗೆ ಮಾತ್ರ ಕಾಳು ಕೊಡಿ. ತಲೆಗೆ 40 ಗ್ರಾಂ ಹೆಸರುಕಾಳು ಅಥವಾ ಮಡಕಿಕಾಳು, ಮೊಳಕೆ ಬರಿಸಿ, ಬೇಯಿಸಿ, ಉಸಲಿ ಮಾಡಿ. 40 ಗ್ರಾಂ ಕಾಳಿನಲ್ಲಿ 9 ಗ್ರಾಂ ಹತ್ತಿರ ಪ್ರೊಟೀನ್. 30 ಗ್ರಾಂ ಸಾಕಲ್ಲ, 40 ಯಾಕೆ ಅಂತ ಕೇಳಬಹುದು. ಕಾಳಿನ ಪ್ರೊಟೀನ್ ಮೊಟ್ಟೆಯದ್ದರಷ್ಟು ಪೂರ್ತಿ ಮೈಗೆ ಹತ್ತಲ್ಲ, ಆ ಕೊರತೆಯನ್ನು ತೂಕದಲ್ಲಿ ತುಂಬಬೇಕು. ಅನ್ನದ ಲೈಸಿನ್ ಕೊರತೆಯನ್ನೂ ಈ ಕಾಳೇ ತುಂಬುತ್ತೆ. ಈ ಕೆಲಸಕ್ಕೆ ಶೇಂಗಾಕ್ಕಿಂತ ಹೆಸರು, ಮಡಕಿ, ಕಡಲೆ ಮೇಲು. ಶೇಂಗಾದಲ್ಲಿ ಪ್ರೊಟೀನ್ ನೂರಕ್ಕೆ 25 ಇದ್ದರೂ ಲೈಸಿನ್ ಅದರಲ್ಲೂ ಕಮ್ಮಿ. ಶೇಂಗಾ ಬೆಳೆಯುವ ಸೀಮೆಯವಳು ನಾನು, ಆದರೂ ಇದನ್ನು ಹೇಳಲೇಬೇಕು.

ಮೊಳಕೆ ಬರಿಸೋದು ಸುಮ್ನೆ ರುಚಿಗಲ್ಲ. ಕಾಳಿನಲ್ಲಿ ಫೈಟೇಟ್ ಅಂತ ಒಂದು ಇರುತ್ತೆ, ಅದು ಕಬ್ಬಿಣ, ಸತು ಎರಡನ್ನೂ ಹಿಡಿದಿಟ್ಟುಕೊಳ್ಳುತ್ತೆ. ನೆನೆಸಿ ಮೊಳಕೆ ಬರಿಸಿದರೆ ಅದರ ಹಿಡಿತ ಸಡಿಲವಾಗುತ್ತೆ. ಮೇಲೆ ಅರ್ಧ ಹೋಳು ನಿಂಬೆಹಣ್ಣು ಹಿಂಡಿದರೆ ಕಬ್ಬಿಣ ಇನ್ನಷ್ಟು ಚೆನ್ನಾಗಿ ಹತ್ತುತ್ತೆ. ನಮ್ಮ ಶಾಲೆಯಲ್ಲಿ ಒಂದು ವರ್ಷ ಇದನ್ನು ಮಾಡಿ ನೋಡಿದೆವು. ಊರವರೇ ಕಾಳು ಕೊಟ್ಟರು. ಬೆಳಿಗ್ಗೆ ನೆನೆಹಾಕಿ, ಸಂಜೆ ಶಾಲೆ ಬಿಡುವ ಹೊತ್ತಿಗೆ ನೀರು ಬಸಿದು, ಒದ್ದೆ ಬಿಳಿ ಬಟ್ಟೆಯಲ್ಲಿ ಕಟ್ಟಿ ಅಡುಗೆ ಕೋಣೆಯ ಗೂಟಕ್ಕೆ ತೂಗುಹಾಕುತ್ತಿದ್ದೆವು. ಮರುದಿನ ಗಂಟು ಬಿಚ್ಚಿದರೆ ಅಕ್ಕಿಕಾಳಿನಷ್ಟು ಉದ್ದದ ಬೆಳ್ಳನೆ ಮೊಳಕೆ. ಚಳಿಗಾಲದಲ್ಲಿ ಒಂದು ದಿನ ಹೆಚ್ಚು ಬೇಕು. ಸಾಸಿವೆ, ಈರುಳ್ಳಿ ಒಗ್ಗರಣೆ, ಚೂರು ಕಾಯಿತುರಿ. ಮೊಟ್ಟೆ ತಿನ್ನೋ ಮಕ್ಕಳೂ "ನಮಗೂ ಹಾಕ್ರಿ" ಅಂತ ತಟ್ಟೆ ಚಾಚುತ್ತಿದ್ದರು. ಹಸಿ ಮೊಳಕೆ ಮಾತ್ರ ಕೊಡಬೇಡಿ, ಮಕ್ಕಳಿಗೆ ಹೊಟ್ಟೆ ಕೆಡುತ್ತೆ.

ಕಾಳು ಬೇಯಿಸೋಕೆ ಆಗದ ದಿನ ಪುಟಾಣಿ ಕೊಡಿ. ಬೆಂಗಳೂರು ಕಡೆ ಹುರಿಗಡಲೆ ಅಂತಾರಲ್ಲ, ಅದೇ. ಒಂದು ಮುಷ್ಟಿಯಲ್ಲಿ 30 ಗ್ರಾಂ ಬರುತ್ತೆ, ಅದರಲ್ಲಿ 6 ಗ್ರಾಂ ಪ್ರೊಟೀನ್. ಒಲೆ ಬೇಡ, ಕಟ್ಟಿಗೆ ಬೇಡ, ಬೇಗ ಕೆಡಲ್ಲ. ಸೋಯಾ ಚಂಕ್ಸ್ ವಾರಕ್ಕೊಮ್ಮೆ ಪಲಾವಿಗೆ ಹಾಕಬಹುದು, ನೂರು ಗ್ರಾಂ ಒಣ ಚಂಕ್ಸ್‌ನಲ್ಲಿ ಅರ್ಧದಷ್ಟು ಪ್ರೊಟೀನ್ ಇದೆ. ಆದರೆ ನಮ್ಮ ಮಕ್ಕಳು ಅದನ್ನು ಅಷ್ಟು ಇಷ್ಟಪಡಲಿಲ್ಲ, ತಟ್ಟೆಯಲ್ಲೇ ಬಿಡುತ್ತಿದ್ದರು. ಬಿಟ್ಟ ಪ್ರೊಟೀನ್ ಲೆಕ್ಕಕ್ಕೆ ಬರಲ್ಲ.

ಖರ್ಚಿನ ಮಾತು ಬಂದರೆ, 40 ಗ್ರಾಂ ಕಾಳಿಗೆ ಒಂದು ಮೊಟ್ಟೆಗಿಂತ ಹೆಚ್ಚು ದುಡ್ಡು ಬೇಕಾಗಲ್ಲ. ಖರ್ಚು ಇರೋದು ಕೈಕೆಲಸದ್ದು. ನೆನೆಹಾಕೋದು, ಕಟ್ಟೋದು, ಇನ್ನೊಂದು ಪಾತ್ರೆ ಒಲೆಗೆ ಇಡೋದು, ತೊಳೆಯೋದು. ಈಗಾಗಲೇ ಅಡುಗೆಯವರು ಬೆಳಿಗ್ಗೆ ಹಾಲು ಕಾಯಿಸಿ, ಮೊಟ್ಟೆ ಬೇಯಿಸಿ ಸುಲಿದು, ಅನ್ನ ಸಾರು ಮಾಡಿ, ರಾಶಿ ತಟ್ಟೆ ತೊಳೆದು, ಮನೆ ಮುಟ್ಟೋದು ನಾಲ್ಕು ಗಂಟೆಗೆ. ಅವರಿಗೆ ಸಿಗುವ ಗೌರವಧನ ನಿಮಗೆ ಗೊತ್ತಿದೆ. ಕಾಳಿನ ಕೆಲಸವನ್ನು ಬಿಟ್ಟಿ ಹೊರಿಸಬೇಡಿ ಸಾರ್. ಕಾಳಿನ ದುಡ್ಡಿನ ಜೊತೆಗೆ ಆ ಕೈಗಳ ದುಡ್ಡನ್ನೂ ಆದೇಶದಲ್ಲೇ ಬರೆಯಿರಿ.

ಎಸ್‌ಡಿಎಂಸಿಯ ಅಣ್ಣಂದಿರು, ಅಕ್ಕಂದಿರಿಗೆ ಇನ್ನೊಂದು ಮಾತು. 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಊರಿನಲ್ಲಿ ಮೊಟ್ಟೆ ವಿಚಾರಕ್ಕೆ ಎಷ್ಟೋ ಪೋಷಕರು ಮಕ್ಕಳ ಟೀಸಿ ತಗೊಂಡು ಬೇರೆ ಶಾಲೆಗೆ ಸೇರಿಸಿದ ಸುದ್ದಿ ಓದಿದೆ. ಓದಿ ಎರಡು ದಿನ ಮನಸ್ಸು ಕೆಟ್ಟಿತ್ತು. ನಿಮ್ಮ ಮಗು ಮೊಟ್ಟೆ ತಿನ್ನಬಾರದು ಅನ್ನೋದು ನಿಮ್ಮ ಮನೆಯ ನಡವಳಿಕೆ, ಅದನ್ನು ಶಾಲೆ ಗೌರವಿಸಬೇಕು. ಪಕ್ಕದ ಮಗು ತಿನ್ನಬಾರದು ಅನ್ನೋದು ಬೇರೆ ಮಾತು. ಆ ಪಕ್ಕದ ಮಗುವಿನ ಮನೆಯಲ್ಲಿ ಬೇಳೆ ಕೊಳ್ಳೋಕೆ ದುಡ್ಡಿಲ್ಲದ ದಿನ ಎಷ್ಟೋ ಇರುತ್ತೆ. ಯಾದಗಿರಿ ಮತ್ತು ಗದಗ ಜಿಲ್ಲೆಯ ಮಕ್ಕಳನ್ನು ಹೋಲಿಸಿ ನೋಡಿದಾಗ, ಮೊಟ್ಟೆ, ಹಣ್ಣು, ಚಿಕ್ಕಿ ಸಿಕ್ಕ ಯಾದಗಿರಿ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡುಬಂದಿತ್ತು. ಸಭೆಯಲ್ಲಿ ಗಲಾಟೆ ಮಾಡೋದೇ ಆದರೆ "ನನ್ನ ಮಗುವಿಗೆ ಮೊಟ್ಟೆಯಷ್ಟೇ ಪ್ರೊಟೀನ್ ಇರುವ ಕಾಳು ಯಾಕೆ ಇಲ್ಲ?" ಅಂತ ಗಲಾಟೆ ಮಾಡಿ. ನಾನೂ ಬಂದು ನಿಮ್ಮ ಪಕ್ಕದಲ್ಲಿ ಕೂರುತ್ತೇನೆ. ಮತ್ತೆ, ದಯವಿಟ್ಟು ಮೊಟ್ಟೆ ಸಾಲು ಬೇರೆ, ಬಾಳೆಹಣ್ಣಿನ ಸಾಲು ಬೇರೆ ಮಾಡಿಸಬೇಡಿ. ನಮ್ಮಲ್ಲಿ ಮೊದಲ ವಾರ ಹಾಗೆ ಆಗಿತ್ತು. ಒಂದೇ ಬೆಂಚಿನ ಗೆಳತಿಯರು ಊಟಕ್ಕೆ ಬೇರೆ ಬೇರೆ ಕೂತಿದ್ದು ನೋಡಿ ನಾನೇ ಎಬ್ಬಿಸಿ ಒಟ್ಟಿಗೆ ಕೂರಿಸಿದೆ. ಮಕ್ಕಳಿಗೆ ಏನೂ ತೊಂದರೆ ಆಗಲಿಲ್ಲ.

ಮಾನ್ಯ ಸಚಿವರೇ, ಇದಕ್ಕೆ ಹೊಸ ಯೋಜನೆ ಬೇಡ, ಹೊಸ ಹೆಸರು ಬೇಡ. ಈಗಿರುವ ಆದೇಶದಲ್ಲಿ "ಬಾಳೆಹಣ್ಣು" ಅಂತ ಇರುವ ಕಡೆ "ಮೊಳಕೆ ಕಾಳಿನ ಉಸಲಿ, ತಲೆಗೆ 40 ಗ್ರಾಂ ಒಣ ಕಾಳು" ಅಂತ ಬರೆದರೆ ಸಾಕು. ಕಾಳು ಹಿಂದಿನ ದಿನವೇ ನೆನೆಯಬೇಕು, ಅದಕ್ಕೂ ಮೊದಲು ಶಾಲೆಯ ಉಗ್ರಾಣಕ್ಕೆ ಬಂದಿರಬೇಕು. ಆದ್ದರಿಂದ ಆದೇಶ ಬೇಸಿಗೆ ರಜೆಯಲ್ಲೇ ಹೊರಬಿದ್ದರೆ, ಶಾಲೆ ಶುರುವಾದ ಮೊದಲ ವಾರದಲ್ಲೇ ಮಕ್ಕಳ ತಟ್ಟೆಗೆ ಉಸಲಿ ಬೀಳುತ್ತೆ.

ಇಂತಿ,
ನಿವೃತ್ತ ಶಿಕ್ಷಕಿ, ಕೊಪ್ಪಳ ಜಿಲ್ಲೆ